ಸಿ ಭಾಷೆಯಲ್ಲಿ ಸ್ಟ್ರಿಂಗ್‌ನಿಂದ ಫ್ಲೋಟ್: ಉತ್ತರ ತಪ್ಪಿದಾಗ ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ದೂರುಗಳು ಸಾಮಾನ್ಯವಾಗಿ ಹೀಗೆ ಬರುತ್ತವೆ. 3.14 ಕೊಟ್ಟರೆ 3 ಮಾತ್ರ ಬರುತ್ತಿದೆ. 0.3 ಓದಿಸಿದರೆ 0.30000000000000004 ಕಾಣಿಸುತ್ತಿದೆ. ನನ್ನ ಯಂತ್ರದಲ್ಲಿ ಪಾಸಾದ ಟೆಸ್ಟ್ ಸರ್ವರ್‌ನಲ್ಲಿ ಫೇಲಾಗುತ್ತಿದೆ. ತೀರಾ ಚಿಕ್ಕ ಸಂಖ್ಯೆ ಕೊಟ್ಟರೆ ಸೊನ್ನೆ ಬರುತ್ತಿದೆ. ಎಲ್ಲಕ್ಕೂ "ಕನ್ವರ್ಷನ್ ತಪ್ಪು" ಎಂಬ ಒಂದೇ ಹೆಸರು. ಆದರೆ ಇವುಗಳ ಬೇರುಗಳು ಬೇರೆ ಬೇರೆ. ಬೇರು ಗೊತ್ತಾಗುವ ಮುಂಚೆಯೇ ಕೋಡ್ ತಿದ್ದಲು ಕೂತರೆ ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ಕೆಡುತ್ತದೆ.

ಈ ಬರಹದಲ್ಲಿ ಮುಖ್ಯವಾಗಿ ಸ್ಟ್ರ್‌ಟುಡಿ ಫಂಕ್ಷನ್ನಿನ ಮಾತು, ಅಂದರೆ ಸ್ಟ್ರಿಂಗ್ ತೆಗೆದುಕೊಂಡು ಡಬಲ್ (64 ಬಿಟ್‌ಗಳ ದಶಮಾಂಶ ಸಂಖ್ಯೆ) ಕೊಡುವ ಲೈಬ್ರರಿ ಫಂಕ್ಷನ್. 32 ಬಿಟ್‌ಗಳ ಫ್ಲೋಟ್ ಕೊಡುವ ಸ್ಟ್ರ್‌ಟುಎಫ್, ಹಳೆಯ ಎಟುಎಫ್, ಎಸ್‌ಸ್ಕ್ಯಾನ್‌ಎಫ್ ಮತ್ತು ನಾವೇ ಕೈಯಾರೆ ಬರೆದುಕೊಂಡ ಪಾರ್ಸರ್‌ಗಳಿಗೂ ಇದೇ ದಾರಿ ನಡೆಯುತ್ತದೆ.

ಮೊದಲು ಒಂದು ಪುಟ್ಟ ತಪಾಸಣೆ ಪ್ರೋಗ್ರಾಂ

ದೊಡ್ಡ ಪ್ರಾಜೆಕ್ಟಿನೊಳಗೆ ಪ್ರಿಂಟ್ ಹಾಕುತ್ತಾ ಹೋಗಬೇಡಿ. ಬೇರೆಯೇ ಒಂದು ಸಣ್ಣ ಪ್ರೋಗ್ರಾಂ ಬರೆಯಿರಿ. ಅದು ಒಂದು ಸ್ಟ್ರಿಂಗ್ ತೆಗೆದುಕೊಂಡು ನಾಲ್ಕೇ ಸಂಗತಿ ಹೇಳಬೇಕು: ಎಷ್ಟು ಅಕ್ಷರ ಓದಿತು, ತಪ್ಪಿನ ಸಂಕೇತ ಇಡುವ ಎರ್‌ನೊ ಏನಾಯಿತು, 17 ಅಂಕಿಗಳಲ್ಲಿ ಬೆಲೆ ಎಷ್ಟು, ಮತ್ತು ಆ ಬೆಲೆಯ 64 ಬಿಟ್‌ಗಳನ್ನು ಪೂರ್ಣಾಂಕವಾಗಿ ಓದಿದರೆ ಎಷ್ಟು. ಓದಿದ ಅಕ್ಷರಗಳ ಲೆಕ್ಕ ಎರಡನೇ ಆರ್ಗ್ಯುಮೆಂಟಿನಿಂದ, ಅಂದರೆ ಎಂಡ್ ಪಾಯಿಂಟರಿನಿಂದ, ಸಿಗುತ್ತದೆ. ಬಿಟ್‌ಗಳನ್ನು ಮೆಮ್‌ಕಾಪಿ ಮೂಲಕ 64 ಬಿಟ್ ಅನ್‌ಸೈನ್ಡ್ ಪೂರ್ಣಾಂಕಕ್ಕೆ ನಕಲು ಮಾಡಿ. ಪಾಯಿಂಟರ್ ಕಾಸ್ಟ್ ಮಾಡಿ ಓದಿದರೆ ಆಪ್ಟಿಮೈಸೇಶನ್ ಹಾಕಿದಾಗ ಕಂಪೈಲರ್ ಏನು ಬೇಕಾದರೂ ಮಾಡಬಹುದು. ದೋಷ ಹುಡುಕುವ ಉಪಕರಣವೇ ಸುಳ್ಳು ಹೇಳಬಾರದು.

ಎರಡು ಬಗೆಯಲ್ಲಿ 0.3 ಅನ್ನು ಓದಿಸಿದಾಗ ಬರುವ ಫಲ ಇಲ್ಲಿದೆ:

ಸ್ಟ್ರ್‌ಟುಡಿ: ಓದಿದ ಅಕ್ಷರ 3, ಎರ್‌ನೊ 0, ಬೆಲೆ 0.29999999999999999, ಬಿಟ್ 4599075939470750515
ಕೈಬರಹದ ಪಾರ್ಸರ್: ಓದಿದ ಅಕ್ಷರ 3, ಎರ್‌ನೊ 0, ಬೆಲೆ 0.30000000000000004, ಬಿಟ್ 4599075939470750516

ಮೊದಲ ಸಾಲಿನ ಬೆಲೆ ನೋಡಿ ಹಲವರು ಅದೇ ತಪ್ಪು ಎಂದುಕೊಳ್ಳುತ್ತಾರೆ. ಅದು ಸರಿಯಾಗಿದೆ. ಬೈನರಿಯಲ್ಲಿ 0.3 ನಿಖರವಾಗಿ ಕೂರುವುದಿಲ್ಲ, ಅದಕ್ಕೆ ಅತಿ ಹತ್ತಿರದ ಡಬಲ್ ಅದೇ. ತಪ್ಪಿರುವುದು ಎರಡನೆಯ ಸಾಲು. ದಶಮಾಂಶವನ್ನು ಕಣ್ಣಳತೆಯಲ್ಲಿ ನೋಡಿ ತೀರ್ಪು ಕೊಡಬಾರದು ಎನ್ನುವುದು ಇದಕ್ಕೇ. ಬಿಟ್ ಪೂರ್ಣಾಂಕ ನೋಡಿ. ಐಟ್ರಿಪಲ್‌ಇ 754 ರೂಪದಲ್ಲಿ (ಡಬಲ್‌ಗಳನ್ನು ಬಿಟ್‌ಗಳಾಗಿ ಇಡುವ ಸ್ಟ್ಯಾಂಡರ್ಡ್) ಧನ ಸಂಖ್ಯೆಗಳ ಬಿಟ್‌ಗಳು ಬೆಲೆಯ ಕ್ರಮದಲ್ಲೇ ಏರುತ್ತವೆ. ಪಕ್ಕಪಕ್ಕದ ಎರಡು ಡಬಲ್‌ಗಳ ಬಿಟ್ ಪೂರ್ಣಾಂಕಗಳ ನಡುವಿನ ವ್ಯತ್ಯಾಸ ಸರಿಯಾಗಿ 1. ಹಾಗಾಗಿ ಬಂದ ಪೂರ್ಣಾಂಕದಿಂದ ಬರಬೇಕಾದ ಪೂರ್ಣಾಂಕ ಕಳೆದರೆ ಎಷ್ಟು ಮೆಟ್ಟಿಲು ತಪ್ಪಿದೆ ಎಂಬುದು ನೇರವಾಗಿ ಸಿಗುತ್ತದೆ.

ಆ ವ್ಯತ್ಯಾಸ ಸೊನ್ನೆಯಾದರೆ ಕನ್ವರ್ಷನ್ ಸರಿಯಿದೆ, ನಿಮ್ಮ ತೊಂದರೆ ಮುದ್ರಣದಲ್ಲೋ ಮುಂದಿನ ಲೆಕ್ಕದಲ್ಲೋ ಇದೆ. 1 ಆದರೆ ರೌಂಡಿಂಗ್, ಅಂದರೆ ಅತಿ ಹತ್ತಿರದ ಡಬಲ್‌ಗೆ ಇಳಿಸುವುದು, ತಪ್ಪು. ಎರಡರಿಂದ ಕೆಲವು ಹತ್ತುಗಳವರೆಗೆ ಇದ್ದರೆ ಯಾರೋ ಕೈಬರಹದ ಪಾರ್ಸರಿನಲ್ಲಿ ಹತ್ತರಿಂದ ಗುಣಿಸುತ್ತಾ ಭಾಗಿಸುತ್ತಾ ತಪ್ಪನ್ನು ಕೂಡಿಹಾಕಿದ್ದಾರೆ. ಕೋಟಿ ಕೋಟಿಗಳಲ್ಲಿದ್ದರೆ ರೌಂಡಿಂಗ್ ಬಗ್ಗೆ ಯೋಚಿಸಲೇಬೇಡಿ, ಅದು ಬೇರೆಯೇ ಜಾತಿಯ ದೋಷ.

ಉತ್ತರಕ್ಕೂ ಇನ್‌ಪುಟ್‌ಗೂ ಸಂಬಂಧವೇ ಇಲ್ಲದಿದ್ದರೆ

ಇಲ್ಲಿ ಕಾರಣಗಳು ಬೆರಳೆಣಿಕೆಯಷ್ಟು, ಪತ್ತೆಯೂ ಸುಲಭ.

ಮೊದಲು ಕಂಪೈಲರಿನ ಎಚ್ಚರಿಕೆಗಳನ್ನು ಪೂರ್ತಿ ಓದಿ. ಎಸ್‌ಟಿಡಿಲಿಬ್ ಹೆಡರ್ ಸೇರಿಸುವುದು ಮರೆತಿದ್ದರೆ ಹಳೆಯ ಸಿ ನಿಯಮದಲ್ಲಿ ಕಂಪೈಲರ್ ಸ್ಟ್ರ್‌ಟುಡಿ ಪೂರ್ಣಾಂಕ ಕೊಡುತ್ತದೆ ಎಂದು ಊಹಿಸಿಕೊಳ್ಳುತ್ತದೆ. 64 ಬಿಟ್ ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಡಬಲ್ ಬರುವ ರಿಜಿಸ್ಟರ್ ಒಂದು, ಪೂರ್ಣಾಂಕ ಬರುವ ರಿಜಿಸ್ಟರ್ ಇನ್ನೊಂದು. ಫಂಕ್ಷನ್ ಉತ್ತರವನ್ನು ಸರಿಯಾಗಿಯೇ ಇಟ್ಟು ಹೋಗಿರುತ್ತದೆ, ಕರೆದವರು ಬೇರೆ ಕಡೆ ಬಿದ್ದಿದ್ದ ಕಸವನ್ನು ಎತ್ತಿಕೊಳ್ಳುತ್ತಾರೆ. 1999ರ ಸಿ ಸ್ಟ್ಯಾಂಡರ್ಡ್ ಈ ಊಹೆಯನ್ನು ತೆಗೆದುಹಾಕಿತು. ಆದರೂ ಜಿಸಿಸಿ ಕಂಪೈಲರಿನ 14ನೇ ಆವೃತ್ತಿ ಬರುವವರೆಗೆ ಅದು ಬರೀ ಎಚ್ಚರಿಕೆಯಾಗಿಯೇ ಉಳಿದಿತ್ತು, ಅಲ್ಲಿಂದಾಚೆಗೆ ದೋಷ ಎಂದು ನಿಲ್ಲಿಸುತ್ತದೆ. ಇದೇ ಜಾತಿಯ ಇನ್ನೊಂದು ಸಂಗತಿ: ಹೆಡರ್ ಸೇರಿಸಿದ್ದರೂ 1989ರ ಸ್ಟ್ಯಾಂಡರ್ಡಿನ ಕಟ್ಟುನಿಟ್ಟಿನ ಮೋಡಿನಲ್ಲಿ ಕಂಪೈಲ್ ಮಾಡಿದರೆ ಸ್ಟ್ರ್‌ಟುಎಫ್ ಘೋಷಣೆ ಸಿಗದೆ ಹೋಗಬಹುದು, ಏಕೆಂದರೆ ಅದು ಬಂದದ್ದೇ 1999ರಲ್ಲಿ.

ಎಸ್‌ಸ್ಕ್ಯಾನ್‌ಎಫ್ ಬಳಸಿದ್ದರೆ ಫಾರ್ಮ್ಯಾಟ್ ನೋಡಿ. ಡಬಲ್‌ಗೆ ಶೇಕಡಾ-ಎಲ್ಎಫ್ ಬೇಕು. ಬರೀ ಶೇಕಡಾ-ಎಫ್ ಹಾಕಿದರೆ ಎಂಟು ಬೈಟ್‌ಗಳ ಜಾಗದಲ್ಲಿ ನಾಲ್ಕು ಬೈಟ್ ಮಾತ್ರ ತುಂಬುತ್ತದೆ, ಉಳಿದ ನಾಲ್ಕರಲ್ಲಿ ಹಳೆಯದು ಉಳಿಯುತ್ತದೆ. ಪ್ರಿಂಟ್‌ಎಫ್‌ನಲ್ಲಿ ಎರಡಕ್ಕೂ ಒಂದೇ ಫಾರ್ಮ್ಯಾಟ್ ನಡೆಯುವುದರಿಂದ ಈ ಗೊಂದಲ ಮತ್ತೆ ಮತ್ತೆ ಆಗುತ್ತದೆ.

ನೆಟ್‌ವರ್ಕ್ ಬಫರಿನಿಂದಲೋ ಫೈಲಿನಿಂದಲೋ ಕತ್ತರಿಸಿಕೊಂಡ ತುಂಡಿನ ಕೊನೆಯಲ್ಲಿ, ಸ್ಟ್ರಿಂಗ್ ಮುಗಿಯಿತೆಂದು ಸೂಚಿಸುವ ನಲ್ ಅಕ್ಷರ ಇಲ್ಲದಿದ್ದರೆ ಸ್ಟ್ರ್‌ಟುಡಿ ಮುಂದಿನ ಅಂಕಿಗಳನ್ನೂ ಸೇರಿಸಿ ಓದುತ್ತದೆ. ಒಮ್ಮೆ ಸರಿ, ಒಮ್ಮೆ ತಪ್ಪು ಎಂಬ ದೂರಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಓದಿದ ಅಕ್ಷರಗಳ ಸಂಖ್ಯೆ ನೀವು ಕೊಟ್ಟ ಉದ್ದಕ್ಕಿಂತ ಜಾಸ್ತಿ ಇದ್ದರೆ ಅನುಮಾನ ಖಚಿತ. ಅಡ್ರೆಸ್ ಸ್ಯಾನಿಟೈಸರ್ ಹಾಕಿ ಓಡಿಸಿದರೆ ಬಫರಿನ ಗಡಿ ದಾಟುವ ಓದುಗಳನ್ನು ಅದು ಹಿಡಿದು ತೋರಿಸುತ್ತದೆ.

3.14 ಹೋಗಿ 3 ಆದರೆ

ಇದು ಲೊಕೇಲ್ ದೋಷ, ಅಂದರೆ ಆಯಾ ಭಾಷೆ-ದೇಶದ ಬರವಣಿಗೆಯ ನಿಯಮಗಳಿಂದ ಬರುವ ದೋಷ. ಓದಿದ ಅಕ್ಷರ 1 ಎಂದು ಬಂದರೆ ಬೇರೆ ಸಾಕ್ಷಿ ಬೇಡ. ಸಿ ಪ್ರೋಗ್ರಾಂ ಶುರುವಾಗುವಾಗ ದಶಮಾಂಶ ಚಿಹ್ನೆ ಚುಕ್ಕಿಯೇ ಆಗಿರುತ್ತದೆ. ಯಾರಾದರೂ ಸೆಟ್‌ಲೊಕೇಲ್ ಅನ್ನು ಖಾಲಿ ಸ್ಟ್ರಿಂಗಿನೊಂದಿಗೆ ಕರೆದ ಕ್ಷಣದಿಂದ ಬಳಕೆದಾರರ ಯಂತ್ರದ ನಿಯಮ ಜಾರಿಗೆ ಬರುತ್ತದೆ. ಜರ್ಮನ್, ಫ್ರೆಂಚ್ ಲೊಕೇಲ್‌ಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮ. ಆಗ 3.14ರಲ್ಲಿ 3 ಓದಿ ಚುಕ್ಕಿಯ ಬಳಿ ಸ್ಟ್ರ್‌ಟುಡಿ ನಿಂತುಬಿಡುತ್ತದೆ, ಎರ್‌ನೊ ಸೊನ್ನೆಯೇ ಇರುತ್ತದೆ. ಆ ಕರೆ ನಿಮ್ಮ ಕೋಡಿನಲ್ಲೇ ಇರಬೇಕಿಲ್ಲ. ಜಿಟಿಕೆಯಂಥ ಗ್ರಾಫಿಕ್ಸ್ ಟೂಲ್‌ಕಿಟ್ ಶುರುವಾಗುವಾಗ ತಾನೇ ಅದನ್ನು ಕರೆಯುತ್ತದೆ.

ಇಡೀ ಪ್ರೋಗ್ರಾಮಿನ ಲೊಕೇಲ್ ಬದಲಿಸಿ, ಓದಿ, ಮತ್ತೆ ಹಿಂದಿನದನ್ನು ಹಾಕುವ ಪರಿಹಾರ ಬಹಳ ಕಡೆ ಕಾಣುತ್ತದೆ. ಥ್ರೆಡ್‌ಗಳಿದ್ದರೆ ಅದು ಅಪಾಯ, ಏಕೆಂದರೆ ಲೊಕೇಲ್ ಇಡೀ ಪ್ರೋಗ್ರಾಮಿಗೆ ಒಂದೇ. ಯೂಸ್‌ಲೊಕೇಲ್ ಮೂಲಕ ಆ ಥ್ರೆಡ್ಡಿಗೆ ಮಾತ್ರ ಬದಲಿಸುವುದು, ಅಥವಾ ಲೊಕೇಲನ್ನೇ ಆರ್ಗ್ಯುಮೆಂಟಾಗಿ ತೆಗೆದುಕೊಳ್ಳುವ ಸ್ಟ್ರ್‌ಟುಡಿ-ಎಲ್ ಇದ್ದಲ್ಲಿ ಅದನ್ನು ಬಳಸುವುದು ವಾಸಿ.

ಇದರ ಟೆಸ್ಟ್ ಬರೆಯುವಾಗ ಒಂದು ಕಡೆ ಎಚ್ಚರ ಬೇಕು. ಟೆಸ್ಟ್ ಓಡುವ ಸರ್ವರಿನಲ್ಲಿ ಜರ್ಮನ್ ಲೊಕೇಲ್ ಇನ್‌ಸ್ಟಾಲ್ ಆಗಿರದಿದ್ದರೆ ಸೆಟ್‌ಲೊಕೇಲ್ ನಲ್ ಕೊಟ್ಟು ಸುಮ್ಮನಾಗುತ್ತದೆ, ಹಳೆಯ ಲೊಕೇಲೇ ಮುಂದುವರಿಯುತ್ತದೆ, ಟೆಸ್ಟ್ ಪಾಸಾಗುತ್ತದೆ. ಏನನ್ನೂ ಪರೀಕ್ಷಿಸದೆ ಪಾಸಾದ ಟೆಸ್ಟ್ ಅದು. ಸೆಟ್‌ಲೊಕೇಲ್ ಕೊಟ್ಟ ಉತ್ತರವನ್ನು ಪರೀಕ್ಷಿಸಿ, ನಲ್ ಬಂದರೆ ಟೆಸ್ಟನ್ನು ಫೇಲ್ ಮಾಡಿ.

ಓದಿದ್ದೆಷ್ಟು, ತಪ್ಪಾಯಿತೇ ಎಂದು ತಿಳಿಯುವುದು

ಎಟುಎಫ್ ಬಳಸುತ್ತಿದ್ದರೆ ಇವತ್ತೇ ಬಿಡಿ. ಅಂಕಿಯೇ ಇಲ್ಲದ ಸ್ಟ್ರಿಂಗ್ ಕೊಟ್ಟರೂ ಸೊನ್ನೆ, "0" ಕೊಟ್ಟರೂ ಸೊನ್ನೆ. ಎರಡನ್ನೂ ಬೇರ್ಪಡಿಸುವ ದಾರಿಯೇ ಇಲ್ಲ. ಬೆಲೆ ಹಿಡಿಸದಷ್ಟು ದೊಡ್ಡದಾದರೆ ಏನಾಗಬೇಕೆಂದು ಸ್ಟ್ಯಾಂಡರ್ಡ್ ಹೇಳುವುದೂ ಇಲ್ಲ.

ಸ್ಟ್ರ್‌ಟುಡಿ ಕರೆಯುವ ಮುಂಚೆ ಎರ್‌ನೊ ಅನ್ನು ನೀವೇ ಸೊನ್ನೆ ಮಾಡಬೇಕು, ಯಶಸ್ವಿಯಾದ ಕರೆ ಅದನ್ನು ಒರೆಸುವುದಿಲ್ಲ. ಹಿಂದೆ ಎಲ್ಲೋ ಆದ ತಪ್ಪು ಇಲ್ಲಿ ಕಾಣಿಸಿಕೊಂಡು ದಾರಿ ತಪ್ಪಿಸುತ್ತದೆ. ಕರೆಯ ನಂತರ ಎಂಡ್ ಪಾಯಿಂಟರ್ ಶುರುವಿನಲ್ಲೇ ಇದ್ದರೆ ಏನೂ ಓದಿಲ್ಲ. ನಲ್ ಅಕ್ಷರದ ಮೇಲಿಲ್ಲದಿದ್ದರೆ ಪೂರ್ತಿ ಓದಿಲ್ಲ. ಈ ಎರಡನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. "1,000" ಕೊಟ್ಟಾಗ 1 ಎಂದು ಒಪ್ಪಿಕೊಳ್ಳುವ ಪ್ರೋಗ್ರಾಂಗಳು ಹುಟ್ಟುವುದು ಅಲ್ಲೇ.

ಟೆಸ್ಟಿನಲ್ಲಿ ಇರಲೇಬೇಕಾದ ವಿಚಿತ್ರ ಇನ್‌ಪುಟ್‌ಗಳು ಕೆಲವಿವೆ. "5." ಮತ್ತು ".5" ಎರಡೂ ಸರಿ, ಬರೀ "." ತಪ್ಪು. ಸಂಖ್ಯೆಗೆ ಮೊದಲು ಬರುವ ಖಾಲಿ ಜಾಗಗಳನ್ನು ಸ್ಟ್ರ್‌ಟುಡಿ ನುಂಗುತ್ತದೆ, ಸಂಖ್ಯೆಯ ನಂತರದವನ್ನು ಬಿಡುತ್ತದೆ. ಘಾತ ಸೂಚಿಸುವ ಇ ಅಕ್ಷರ ಇದ್ದು ಅದರ ನಂತರ ಅಂಕಿ ಇಲ್ಲದಿದ್ದರೆ ಆ ಅಕ್ಷರಕ್ಕೆ ಮುಂಚೆಯೇ ನಿಲ್ಲಬೇಕು. "-0" ಕೊಟ್ಟರೆ ಋಣ ಸೊನ್ನೆ ಬರಬೇಕು. ಸಮ ಚಿಹ್ನೆಯಿಂದ ಹೋಲಿಸಿದರೆ ಅದು ಧನ ಸೊನ್ನೆಗೆ ಸಮ, ಹಾಗಾಗಿ ಧನ-ಋಣ ಚಿಹ್ನೆಯನ್ನು ತೋರಿಸುವ ಸೈನ್‌ಬಿಟ್ ಬಳಸಿಯೇ ನೋಡಬೇಕು. ಇನ್‌ಫಿನಿಟಿ, ನ್ಯಾನ್ (ಸಂಖ್ಯೆಯಲ್ಲ ಎಂಬರ್ಥದ್ದು) ಎಂಬ ಪದಗಳನ್ನೂ ಸ್ಟ್ರ್‌ಟುಡಿ ಸಂಖ್ಯೆ ಎಂದೇ ಓದುತ್ತದೆ. ಬಳಕೆದಾರರಿಂದ ಬರುವ ಇನ್‌ಪುಟ್ಟಿನಲ್ಲಿ ಅವು ಬೇಡವೆಂದಿದ್ದರೆ ನೀವೇ ತಡೆಯಬೇಕು.

ಮೇಲಿನ ಗಡಿಗೆ ಒಳ್ಳೆಯ ಜೋಡಿ ಇದು: 1.7976931348623158 × 10³⁰⁸ ಅತಿ ದೊಡ್ಡ ಡಬಲ್‌ಗೆ ಇಳಿಯಬೇಕು, ಬಿಟ್ 9218868437227405311. ಕೊನೆಯ ಅಂಕಿ 9 ಮಾಡಿದರೆ ಇನ್‌ಫಿನಿಟಿ, ಬಿಟ್ 9218868437227405312, ಎರ್‌ನೊ ಇರೇಂಜ್ (ಬೆಲೆ ಮಿತಿ ಮೀರಿದೆ ಎಂಬ ಸಂಕೇತ). ಕೆಳಗಿನ ಗಡಿಯಲ್ಲಿ ಎರ್‌ನೊ ಮೇಲೆ ಭರವಸೆ ಇಡಬೇಡಿ. ಬೆಲೆ ತೀರಾ ಚಿಕ್ಕದಾದಾಗ ಇರೇಂಜ್ ಹಾಕಬೇಕೋ ಬೇಡವೋ ಎಂಬುದನ್ನು ಸ್ಟ್ಯಾಂಡರ್ಡ್ ಆಯಾ ಲೈಬ್ರರಿಗೆ ಬಿಟ್ಟಿದೆ. ಇರೇಂಜ್ ಬಂತೆಂದು ಒಳ್ಳೆಯ ಸಬ್‌ನಾರ್ಮಲ್ ಬೆಲೆಯನ್ನು (ಸೊನ್ನೆಗೆ ತೀರಾ ಹತ್ತಿರದ, ನಿಖರತೆ ಕಡಿಮೆಯಾದ ಡಬಲ್) ತಿರಸ್ಕರಿಸುವ ಕೋಡ್ ಒಂದು ಲೈಬ್ರರಿಯಲ್ಲಿ ನಡೆದು ಇನ್ನೊಂದರಲ್ಲಿ ಬೀಳುವುದು ಇದರಿಂದಲೇ.

ಕೊನೆಯ ಬಿಟ್ ತಪ್ಪಿದಾಗ

ಈ ಇಡೀ ವಿಷಯದ ತಿರುಳು ಇದು, ಇಲ್ಲಿ ಸಮಯ ಕೊಡಬೇಕು.

ಮೇಲಿನ 0.3ರ ಉದಾಹರಣೆಗೆ ಮರಳೋಣ. ಕೈಬರಹದ ಪಾರ್ಸರ್ 3 ಅನ್ನು 0.1ರಿಂದ ಗುಣಿಸಿತ್ತು. 0.1 ಬೈನರಿಯಲ್ಲಿ ನಿಖರವಲ್ಲ, ಅದರ ತಪ್ಪನ್ನು ಮೂರು ಪಟ್ಟು ಮಾಡಿ ಮತ್ತೆ ರೌಂಡ್ ಮಾಡಿದ್ದರಿಂದ ಒಂದು ಮೆಟ್ಟಿಲು ಮೇಲೆ ಹೋಯಿತು. 3 ಅನ್ನು 10ರಿಂದ ಭಾಗಿಸಿದ್ದರೆ ಸರಿಯಾದ ಉತ್ತರವೇ ಬರುತ್ತಿತ್ತು, ಏಕೆಂದರೆ 3 ಮತ್ತು 10 ಎರಡೂ ನಿಖರ, ರೌಂಡಿಂಗ್ ಆಗುವುದು ಒಂದೇ ಸಲ. ಈ ತರ್ಕ ಎಲ್ಲಿಯವರೆಗೆ ನಡೆಯುತ್ತದೆ? ಅಂಕಿಗಳೆಲ್ಲ ಸೇರಿದ ಪೂರ್ಣಾಂಕ 2⁵³ ದಾಟಬಾರದು, ಹತ್ತರ ಘಾತ 22 ದಾಟಬಾರದು. ಡಬಲ್‌ನಲ್ಲಿ ನಿಖರವಾಗಿ ಹಿಡಿಸುವ ಹತ್ತರ ಘಾತಗಳಲ್ಲಿ 10²² ಕೊನೆಯದು. ಆ ಗಡಿಯೊಳಗೆ ಒಂದು ಗುಣಾಕಾರ ಅಥವಾ ಒಂದು ಭಾಗಾಕಾರ ಸಾಕು. ಆಚೆ ಹೋದರೆ ದೊಡ್ಡ ಪೂರ್ಣಾಂಕಗಳ ಗಣಿತ, ಅಥವಾ ಅದಕ್ಕೆ ಸಮನಾದ ಎಚ್ಚರದ ಲೆಕ್ಕ ಬೇಕೇ ಬೇಕು. ಡೇವಿಡ್ ಗೇ 1990ರ ಸುಮಾರಿಗೆ ಬರೆದ ಕೋಡ್ ಇಂದಿಗೂ ಹಲವು ಭಾಷೆಗಳ ಒಳಗೆ ಕೆಲಸ ಮಾಡುತ್ತಿರುವುದು ಈ ಭಾಗ ಅಷ್ಟು ಕಷ್ಟದ್ದು ಎಂಬ ಕಾರಣಕ್ಕೇ. ಸಾಧ್ಯವಿದ್ದರೆ ನೀವು ಹೊಸದಾಗಿ ಬರೆಯಬೇಡಿ, ಪಳಗಿದ್ದನ್ನೇ ಬಳಸಿ.

ರೌಂಡಿಂಗ್ ಸರಿಯಿದೆಯೇ ಎಂದು ಕೆಣಕಿ ನೋಡಲು ಪಕ್ಕಪಕ್ಕದ ಎರಡು ಡಬಲ್‌ಗಳ ನಟ್ಟನಡುವಿನ ಸಂಖ್ಯೆ ಕೊಡಬೇಕು. 9007199254740993 ಅಂಥದ್ದು. ಅದು 2⁵³ಕ್ಕಿಂತ 1 ಜಾಸ್ತಿ, ಡಬಲ್‌ನಲ್ಲಿ ಕೂರುವುದಿಲ್ಲ. ಅಕ್ಕಪಕ್ಕದ 9007199254740992 ಮತ್ತು 9007199254740994 ಕೂರುತ್ತವೆ. ನಡುವೆ ಬಿದ್ದರೆ ಕೊನೆಯ ಬಿಟ್ ಸಮ ಇರುವ ಕಡೆ ಹೋಗಬೇಕು ಎಂಬ ನಿಯಮದಂತೆ ಉತ್ತರ 992ರಲ್ಲಿ ಮುಗಿಯುವುದು. 9007199254740995 ಕೊಟ್ಟರೆ ಅದೇ ನಿಯಮ ಮೇಲಕ್ಕೆ, 996ಕ್ಕೆ ಕರೆದೊಯ್ಯುತ್ತದೆ. ಈಗ 9007199254740993ರ ನಂತರ ಚುಕ್ಕಿ ಇಟ್ಟು, ಐವತ್ತು ಸೊನ್ನೆ ಬರೆದು, ಕೊನೆಗೆ ಒಂದು 1 ಸೇರಿಸಿ. ಆ ಒಂದು ಅಂಕಿಯಿಂದ ಸಂಖ್ಯೆ ನಡುವಿನಿಂದ ಮೇಲಕ್ಕೆ ಸರಿದಿದೆ, ಉತ್ತರ 994 ಆಗಲೇಬೇಕು. ಮೊದಲ 17 ಅಂಕಿ ನೋಡಿ ಉಳಿದದ್ದನ್ನು ಎಸೆಯುವ ಪಾರ್ಸರ್ ಇಲ್ಲಿ 992 ಕೊಟ್ಟು ಸಿಕ್ಕಿಬೀಳುತ್ತದೆ. 2015ಕ್ಕಿಂತ ಹಿಂದಿನ ವಿಶುವಲ್ ಸ್ಟುಡಿಯೊ ಲೈಬ್ರರಿ ಹಾಗೆಯೇ ಮಾಡುತ್ತಿತ್ತು. ಜಿಲಿಬ್‌ಸಿಯಲ್ಲೂ (ಲಿನಕ್ಸ್‌ನ ಸಿ ಲೈಬ್ರರಿ) ತಪ್ಪು ರೌಂಡಿಂಗ್ ಇತ್ತು, 2012ರ ಕೊನೆಗೆ ಬಂದ 2.17ನೇ ಆವೃತ್ತಿಯಲ್ಲಿ ಸರಿಯಾಯಿತು. ಹಳೆಯ ಸರ್ವರಿನಲ್ಲಿ ಮಾತ್ರ ಒಂದು ಮೆಟ್ಟಿಲು ತಪ್ಪುತ್ತಿದ್ದರೆ ಲೈಬ್ರರಿ ಆವೃತ್ತಿ ನೋಡಿ.

ಫ್ಲೋಟ್ ಬೇಕಾದಾಗ ಸ್ಟ್ರ್‌ಟುಡಿಯಿಂದ ಡಬಲ್ ತೆಗೆದು ಫ್ಲೋಟ್‌ಗೆ ಇಳಿಸುವುದು ಇನ್ನೊಂದು ಮೂಲ. ಎರಡು ಸಲ ರೌಂಡ್ ಆಗುತ್ತದೆ. 1.0000000596046447753906250000001 ಕೊಟ್ಟು ನೋಡಿ. ಇದು 1ಕ್ಕೂ ಮುಂದಿನ ಫ್ಲೋಟ್‌ಗೂ ನಡುವಿನ ಬಿಂದುವಿಗಿಂತ ಕೂದಲೆಳೆಯಷ್ಟು ಜಾಸ್ತಿ, ಹಾಗಾಗಿ ಸರಿಯಾದ ಫ್ಲೋಟ್ 1.00000011920928955078125. ಆದರೆ ಡಬಲ್‌ಗೆ ಹೋದಾಗ ಆ ಕೂದಲೆಳೆ ಕಳೆದುಹೋಗಿ ಸಂಖ್ಯೆ ನಟ್ಟನಡುವೆ ಕೂರುತ್ತದೆ, ಅಲ್ಲಿಂದ ಸಮ ಕಡೆಗೆ, ಅಂದರೆ ಬರೀ 1ಕ್ಕೆ ಇಳಿಯುತ್ತದೆ. ಪರಿಹಾರ ಸ್ಟ್ರ್‌ಟುಎಫ್ ಅನ್ನೇ ನೇರವಾಗಿ ಕರೆಯುವುದು.

ಸಬ್‌ನಾರ್ಮಲ್ ಪ್ರದೇಶದಲ್ಲಿ ಕೈಬರಹದ ಪಾರ್ಸರ್‌ಗಳು ಸೊನ್ನೆಗೆ ಕುಸಿಯುತ್ತವೆ. 123456789 × 10⁻³³⁰ ಇದನ್ನು ಹಿಡಿಯುತ್ತದೆ. ಪಾರ್ಸರ್ 10³³⁰ ಲೆಕ್ಕ ಹಾಕಲು ಹೋಗಿ ಇನ್‌ಫಿನಿಟಿ ಪಡೆದು, ಅದರಿಂದ ಭಾಗಿಸಿ ಸೊನ್ನೆ ಕೊಡುತ್ತದೆ. ಸರಿಯಾದ ಉತ್ತರ ಅತಿ ಚಿಕ್ಕ ಡಬಲ್‌ನ 25 ಪಟ್ಟು, ಬಿಟ್ ಪೂರ್ಣಾಂಕವೂ 25.

ಲೈಬ್ರರಿ ಸರಿಯಿದ್ದೂ ಸೊನ್ನೆ ಬಂದರೆ, ಲೆಕ್ಕದ ವೇಗಕ್ಕಾಗಿ ಕಂಪೈಲರಿಗೆ ಕೊಡುವ ಫಾಸ್ಟ್-ಮ್ಯಾಥ್ ಫ್ಲ್ಯಾಗ್ ಹುಡುಕಿ. ಜಿಸಿಸಿಯಲ್ಲಿ ಅದನ್ನು ಹಾಕಿ ಲಿಂಕ್ ಮಾಡಿದ ಪ್ರೋಗ್ರಾಂ ಇಂಟೆಲ್ ಮಾದರಿಯ ಯಂತ್ರದಲ್ಲಿ ಶುರುವಾಗುವಾಗಲೇ ಸಬ್‌ನಾರ್ಮಲ್‌ಗಳನ್ನು ಸೊನ್ನೆ ಎಂದು ಕಾಣುವಂತೆ ಪ್ರೊಸೆಸರನ್ನು ಬದಲಿಸಿಬಿಡುತ್ತದೆ. 13ನೇ ಆವೃತ್ತಿಗೆ ಮುಂಚೆ ಆ ಫ್ಲ್ಯಾಗ್ ಹಾಕಿ ಕಟ್ಟಿದ ಶೇರ್ಡ್ ಲೈಬ್ರರಿ ಲೋಡ್ ಆದರೂ ಸಾಕಿತ್ತು. ನಿಮ್ಮ ಕೋಡಿನಲ್ಲಿ ಆ ಫ್ಲ್ಯಾಗ್ ಇಲ್ಲದಿದ್ದರೂ ಲೋಡ್ ಆಗುವ ಲೈಬ್ರರಿಗಳನ್ನು ಅನುಮಾನಿಸಿ.

32 ಬಿಟ್ ಇಂಟೆಲ್ ಬಿಲ್ಡ್‌ಗಳಲ್ಲಿ ಹಳೆಯ ಎಕ್ಸ್87 ಘಟಕ 80 ಬಿಟ್‌ಗಳಲ್ಲಿ ಲೆಕ್ಕ ಮಾಡುತ್ತದೆ. ರಿಜಿಸ್ಟರಿನಲ್ಲಿರುವ ಬೆಲೆಯೂ ಮೆಮೊರಿಗೆ ಹೋಗಿ ಬಂದ ಬೆಲೆಯೂ ಸಮ ಇರಬೇಕಿಲ್ಲ. 2011ರ ಜನವರಿಯಲ್ಲಿ ಪಿಎಚ್‌ಪಿಯನ್ನು ನಿಲ್ಲಿಸಿದ್ದು ಇದೇ. 2.2250738585072011 × 10⁻³⁰⁸ ಎಂಬ ಸ್ಟ್ರಿಂಗ್ ಕೊಟ್ಟರೆ ಅದು ಕೊನೆಯಿಲ್ಲದ ಲೂಪಿಗೆ ಬೀಳುತ್ತಿತ್ತು. ಅದರ ಬೆನ್ನಲ್ಲೇ ಜಾವಾ ಕೂಡ ಕೊನೆಯ ಅಂಕಿ 2 ಇರುವ ಸ್ಟ್ರಿಂಗಿಗೆ ಹಾಗೆಯೇ ಸಿಕ್ಕಿಹಾಕಿಕೊಂಡಿತು. ಈ ಎರಡು ಸ್ಟ್ರಿಂಗ್‌ಗಳು ಅತಿ ದೊಡ್ಡ ಸಬ್‌ನಾರ್ಮಲ್‌ಗೂ ಅತಿ ಚಿಕ್ಕ ನಾರ್ಮಲ್‌ಗೂ ನಡುವಿನ ಬಿಂದುವಿನ ಆಚೀಚೆ ನಿಂತಿವೆ. ಮೊದಲನೆಯದರ ಬಿಟ್ 4503599627370495, ಎರಡನೆಯದರದು 4503599627370496. ಎರಡನ್ನೂ ಟೆಸ್ಟಿಗೆ ಹಾಕಿ, ಜೊತೆಗೆ ಟೈಮ್‌ಔಟ್ ಇಡಿ. ಉತ್ತರ ತಪ್ಪುವುದಕ್ಕಿಂತ ಉತ್ತರವೇ ಬಾರದಿರುವುದು ಸರ್ವರಿಗೆ ದೊಡ್ಡ ಪೆಟ್ಟು.

ಟೆಸ್ಟೇ ತಪ್ಪಿದ್ದರೆ

"0.1" ಸ್ಟ್ರಿಂಗನ್ನು ಓದಿಸಿ ಕೋಡಿನಲ್ಲಿ ಬರೆದ 0.1ಕ್ಕೆ ಹೋಲಿಸುವ ಟೆಸ್ಟ್ ಎಲ್ಲೆಡೆ ಇದೆ. ಅದು ಲೈಬ್ರರಿಯ ಪಾರ್ಸರನ್ನು ಕಂಪೈಲರಿನ ಪಾರ್ಸರಿಗೆ ಹೋಲಿಸುತ್ತದೆ ಅಷ್ಟೇ. ಎರಡೂ ಒಂದೇ ಬಗೆಯಲ್ಲಿ ತಪ್ಪಿದರೆ ಪಾಸು. ಕೋಡಿನಲ್ಲಿ ಬರೆದ ದಶಮಾಂಶವನ್ನು ಪಕ್ಕದ ಡಬಲ್‌ಗೆ ಇಳಿಸಲು ಸಿ ಸ್ಟ್ಯಾಂಡರ್ಡ್ ಕಂಪೈಲರಿಗೆ ಅನುಮತಿಯನ್ನೂ ಕೊಟ್ಟಿದೆ. ನಿರೀಕ್ಷಿತ ಉತ್ತರವನ್ನು ಬಿಟ್ ಪೂರ್ಣಾಂಕವಾಗಿ ಬರೆಯಿರಿ. 0.1ಕ್ಕೆ 4591870180066957722. ಯಾವ ಪಾರ್ಸರೂ ಅದನ್ನು ಕೆಡಿಸಲಾರದು.

ಸಣ್ಣ ಅಂತರ ಬಿಟ್ಟು ಹೋಲಿಸುವ ಅಭ್ಯಾಸ ಲೆಕ್ಕಾಚಾರದ ಟೆಸ್ಟಿಗೆ ಸರಿ, ಕನ್ವರ್ಷನ್ ಟೆಸ್ಟಿಗೆ ಬೇಡ. ಇಲ್ಲಿ ಪ್ರತಿ ಸ್ಟ್ರಿಂಗಿಗೂ ಸರಿಯುತ್ತರ ಒಂದೇ. 10⁻⁹ ಅಂತರ ಬಿಟ್ಟರೆ ಮೇಲೆ ಹೇಳಿದ ಚಿಕ್ಕ ಸಂಖ್ಯೆಗಳೆಲ್ಲ ಸೊನ್ನೆಯಾದರೂ ಟೆಸ್ಟ್ ಪಾಸಾಗುತ್ತದೆ.

ಯಾದೃಚ್ಛಿಕ ಪರೀಕ್ಷೆ ಮಾಡುವಾಗ ಅಂಕಿಗಳನ್ನಲ್ಲ, 64 ಬಿಟ್‌ಗಳನ್ನು ಯಾದೃಚ್ಛಿಕವಾಗಿ ಆರಿಸಿ. ಇಲ್ಲದಿದ್ದರೆ ಸಬ್‌ನಾರ್ಮಲ್‌ಗಳು ಎಂದೂ ಬರುವುದೇ ಇಲ್ಲ. ಆ ಡಬಲ್ಲನ್ನು 17 ಅಂಕಿಗಳಲ್ಲಿ ಮುದ್ರಿಸಿ ಮತ್ತೆ ಓದಿಸಿದರೆ ಅದೇ ಬಿಟ್‌ಗಳು ಬರಬೇಕು, ಫ್ಲೋಟ್‌ಗೆ 9 ಅಂಕಿ ಸಾಕು. ಇನ್‌ಫಿನಿಟಿ, ನ್ಯಾನ್ ಬಂದರೆ ಬಿಟ್ಟುಬಿಡಿ. ಫ್ಲೋಟ್‌ನ ಬಿಟ್ ಮಾದರಿಗಳು ಒಟ್ಟು 4294967296, ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸುವುದೂ ಸಾಧ್ಯ. ಆದರೆ ಈ ಪರೀಕ್ಷೆ ಮೃದು, ಏಕೆಂದರೆ 17 ಅಂಕಿಗಳ ಸ್ಟ್ರಿಂಗ್ ಸಾಮಾನ್ಯವಾಗಿ ನಡುಬಿಂದುವಿನಿಂದ ದೂರ ಇರುತ್ತದೆ. ಗಟ್ಟಿ ಪರೀಕ್ಷೆಗೆ ಒಂದು ಡಬಲ್, ಅದರ ಮುಂದಿನ ಡಬಲ್, ಎರಡರ ನಡುಬಿಂದುವನ್ನು ದೊಡ್ಡ ಪೂರ್ಣಾಂಕಗಳಲ್ಲಿ ಲೆಕ್ಕ ಹಾಕಿ ಪೂರ್ತಿ ದಶಮಾಂಶವಾಗಿ ಬರೆಯಬೇಕು. ನಂತರ ಅದನ್ನು ಹಾಗೆಯೇ ಒಮ್ಮೆ, ಚುಕ್ಕಿಯ ನಂತರದ ಭಾಗದ ತುದಿಗೆ 1 ಸೇರಿಸಿ ಒಮ್ಮೆ, ಕೊನೆಯ ಅಂಕಿ ಒಂದು ಕಡಿಮೆ ಮಾಡಿ ಒಮ್ಮೆ ಓದಿಸಬೇಕು. ಸ್ಟ್ರಿಂಗ್ ಉದ್ದವಾಗುತ್ತದೆ, ಒಂದು ಡಬಲ್‌ನ ನಿಖರ ದಶಮಾಂಶಕ್ಕೇ 767 ಅಂಕಿಗಳವರೆಗೆ ಬೇಕಾಗಬಹುದು. ಬಫರನ್ನು ಧಾರಾಳವಾಗಿ ಇಡಿ.

ಅನುಮಾನ ಬಂದ ಒಂದು ಸ್ಟ್ರಿಂಗಿಗೆ ತೀರ್ಪು ಬೇಕಿದ್ದರೆ ಪೈಥಾನ್‌ನ ಫ್ರ್ಯಾಕ್ಷನ್ ಸಾಕು. ಸ್ಟ್ರಿಂಗನ್ನು ನಿಖರ ಭಿನ್ನರಾಶಿಯಾಗಿ ಓದಿಸಿ. ಬಂದ ಡಬಲ್‌ನ ಬಿಟ್‌ಗಳಿಂದ ಅದರ ನಿಖರ ಬೆಲೆ ಮತ್ತು ಎರಡೂ ಪಕ್ಕದವರ ಬೆಲೆ ಕಟ್ಟಿ, ಯಾವುದು ಹತ್ತಿರ ಎಂದು ಕಳೆದು ನೋಡಿ. ಇದರಲ್ಲಿ ಯಾವ ಫ್ಲೋಟ್ ಪಾರ್ಸರೂ ಭಾಗವಹಿಸುವುದಿಲ್ಲ.

ಲೈಬ್ರರಿಯದೇ ತಪ್ಪು ಎಂದು ಆಗಲೂ ಕಂಡರೆ ದೂರು ಬರೆಯಿರಿ. ಪೂರ್ತಿ ಸ್ಟ್ರಿಂಗ್, ಬಂದ ಬಿಟ್, ಬರಬೇಕಾದ ಬಿಟ್, ಲೈಬ್ರರಿ ಮತ್ತು ಕಂಪೈಲರ್ ಆವೃತ್ತಿ, ಎಲ್ಲ ಫ್ಲ್ಯಾಗ್‌ಗಳು, ಆಗ ಇದ್ದ ರೌಂಡಿಂಗ್ ಮೋಡ್ ಮತ್ತು ಲೊಕೇಲ್ ಸೇರಿಸಿ. ಅದೇ ಸ್ಟ್ರಿಂಗನ್ನು ನಿಮ್ಮ ಟೆಸ್ಟ್ ಫೈಲಿಗೂ ಅದೇ ದಿನ ಹಾಕಿ.